ಕೀಲಿಮಣೆ ಬಾಯಿ ಬಿಡದಿದ್ದಾಗ

ಹೊಸದುರ್ಗದ ಕಡೆಯ ಒಂದು ಮನೆ ಎಂದುಕೊಳ್ಳಿ. ಮಗಳು ಸಿಇಟಿ ಬರೆದಿದ್ದಾಳೆ. ಕಾಲೇಜುಗಳ ಆಯ್ಕೆಯನ್ನು ಗಣಕದಲ್ಲಿ ದಾಖಲಿಸಲು ಉಳಿದಿರುವುದು ಒಂದೇ ರಾತ್ರಿ. ಲ್ಯಾಪ್‌ಟಾಪಿನ ಕೀಲಿಗಳು ಕೆಲಸ ಮಾಡುತ್ತಿಲ್ಲವೆಂದು ಅಪ್ಪ ಪೇಟೆಯಿಂದ ಹೊಸ ಕೀಲಿಮಣೆ ತಂದರು. ಸಿಕ್ಕಿಸಿದರೆ ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಒಂದು ಸಾಲು: ಸಾಧನವನ್ನು ಗುರುತಿಸಲಾಗಲಿಲ್ಲ. ಬೆಳಿಗ್ಗೆ ದುರ್ಗಕ್ಕೆ ಹೋಗಿ ರಿಪೇರಿ ಮಾಡಿಸೋಣವೆಂದರೆ ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಗಾಬರಿ ಬೇಡ. ವಿಂಡೋಸ್‌ನಲ್ಲಿ ಪರದೆಯ ಮೇಲೆಯೇ ಮೂಡುವ ಕೀಲಿಮಣೆಯೊಂದಿದೆ. ಪಾಸ್‌ವರ್ಡ್ ಕೇಳುವ ಪುಟದ ಕೆಳಮೂಲೆಯ ಚಿಹ್ನೆಯಿಂದಲೂ ಅದನ್ನು ತೆರೆಯಬಹುದು. ಮೌಸಿನಿಂದ ಒಂದೊಂದೇ ಅಕ್ಷರ ಒತ್ತುತ್ತಾ ಹೋಗುವುದು ನಿಧಾನವೇ, ಆದರೆ ಕೆಲಸ ನಿಲ್ಲುವುದಿಲ್ಲ. ಮೊದಲು ಅರ್ಜಿ, ಆಮೇಲೆ ರಿಪೇರಿ.

ಇನ್ನು ಕಾರಣ. ಏಳು ಸುತ್ತಿನ ಕೋಟೆಯ ಬಾಗಿಲಿಗೆ ಬಂದವನನ್ನು ಕಾವಲುಗಾರ ಹೆಸರು, ಊರು ಕೇಳದೆ ಒಳಗೆ ಬಿಡುತ್ತಿದ್ದನೇ? ಗಣಕವೂ ಹಾಗೆಯೇ. ಯುಎಸ್‌ಬಿ ಕೀಲಿಮಣೆ ಸೇರಿದ ಕೂಡಲೇ ತಯಾರಕರು ಯಾರು, ಯಾವ ಜಾತಿಯ ಸಾಧನ ಎಂದು ವಿಚಾರಿಸುತ್ತದೆ. ಉತ್ತರ ಬರದಿದ್ದರೆ ಪ್ರವೇಶವಿಲ್ಲ. ಸಾಧಾರಣ ಯುಎಸ್‌ಬಿ ತಂತಿಯೊಳಗೆ ನಾಲ್ಕು ಎಳೆಗಳು. ಎರಡು 5 ವೋಲ್ಟ್ ವಿದ್ಯುತ್ತಿಗೆ, ಎರಡು ಮಾತಿಗೆ. ಮಾತಿನ ಎಳೆ ತುಂಡಾಗಿದ್ದರೂ ಅಲಂಕಾರದ ದೀಪ ಉರಿಯಬಹುದು. ದೀಪ ಉರಿದರೆ ಕೀಲಿಮಣೆ ಸರಿಯಿದೆ ಎನ್ನುವ ಅಂಗಡಿಯವರ ಮಾತನ್ನು ಪೂರ್ತಿ ನಂಬಬೇಡಿ.

ನಂಬಬಹುದಾದ ದೀಪ ಕ್ಯಾಪ್ಸ್ ಲಾಕಿನದು. ಅದನ್ನು ಹೊತ್ತಿಸುವುದು ಕೀಲಿಮಣೆಯಲ್ಲ, ಗಣಕ! ಒತ್ತಿದಾಗಲೆಲ್ಲ ಹತ್ತಿ ಆರಿದರೆ ಇಬ್ಬರ ನಡುವೆ ಮಾತು ನಡೆದಿದೆ ಎಂದರ್ಥ. ಕೀಲಿ ಕಳಿಸುವುದು ಅಕ್ಷರವನ್ನೂ ಅಲ್ಲ, ಬರೀ ಒಂದು ಸಂಖ್ಯೆಯನ್ನು. 'ಕೆ' ಕೀಲಿಯದು 14. ಅದನ್ನು ಇಂಗ್ಲಿಷಿನ 'ಕೆ' ಮಾಡುವುದೂ ಕನ್ನಡದ 'ಕ' ಮಾಡುವುದೂ ಗಣಕದೊಳಗಿನ ತಂತ್ರಾಂಶ.

ದೀಪ ಹತ್ತದಿದ್ದರೆ ನಡುವಿನ ಹಬ್ ತೆಗೆದು ಗಣಕದ ಇನ್ನೊಂದು ಕಿಂಡಿಗೆ ನೇರವಾಗಿ ಸಿಕ್ಕಿಸಿ. ಆಗಲೂ ಇಲ್ಲವೇ? ಪಕ್ಕದ ಮನೆಯ ಗಣಕದಲ್ಲಿ ನೋಡಿ. ಅಲ್ಲಿಯೂ ಮೌನವಾದರೆ ತಪ್ಪು ಕೀಲಿಮಣೆಯದೇ, ರಸೀದಿಯೊಡನೆ ಹಿಂದಿರುಗಿಸಿ. ಅಲ್ಲಿ ಸರಿಯಾಗಿ ನಡೆದರೆ ನಿಮ್ಮ ಗಣಕವನ್ನು ಮತ್ತೆ ಚಾಲೂ ಮಾಡುವಾಗ ಎಫ್2 ಅಥವಾ ಡಿಲೀಟ್ ಒತ್ತಿ (ಗಣಕದಿಂದ ಗಣಕಕ್ಕೆ ಇದು ಬೇರೆ). ಆಗಿನ್ನೂ ವಿಂಡೋಸ್ ಎದ್ದಿರುವುದಿಲ್ಲ. ಆ ನೀಲಿ-ಬೂದು ಪುಟಗಳಲ್ಲಿ ಕೀಲಿಗಳು ಓಡಾಡಿದರೆ ದೋಷ ವಿಂಡೋಸ್‌ನದು. ಡಿವೈಸ್ ಮ್ಯಾನೇಜರ್‌ನಲ್ಲಿ ಕೀಲಿಮಣೆಯ ಹೆಸರನ್ನು ಅಳಿಸಿ ಗಣಕವನ್ನು ಮತ್ತೆ ಶುರುಮಾಡಿದರೆ ಅದು ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ. ಶಾಲೆಯ ಹಳೆಯ ಗಣಕಗಳ ನೇರಳೆ ಬಣ್ಣದ ದುಂಡು ಪ್ಲಗ್ಗನ್ನು ಮಾತ್ರ ಗಣಕ ಆರಿಸಿಯೇ ಹಾಕಬೇಕು.

ಅಂದಹಾಗೆ ಆ ಲ್ಯಾಪ್‌ಟಾಪಿನ ಸ್ವಂತ ಕೀಲಿಗಳು ನಿಜವಾಗಿ ಕೆಟ್ಟಿದ್ದವೇ? ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ವಿಂಡೋಸ್ 'ಫಿಲ್ಟರ್ ಕೀಸ್' ಬೇಕೇ ಎಂದು ಕೇಳುತ್ತದೆ. ಕೈ ನಡುಗುವವರಿಗೆಂದು ಮಾಡಿದ ಅನುಕೂಲವದು. ಮನೆಯ ಚಿಕ್ಕವರು ಆಟವಾಡುತ್ತಾ ಹೂಂ ಎಂದುಬಿಟ್ಟರೆ, ಚಟಕ್ಕನೆ ಒತ್ತಿದ ಕೀಲಿಗಳನ್ನು ಗಣಕ ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಹೊಸದಕ್ಕೆ ದುಡ್ಡು ಕೊಡುವ ಮುನ್ನ ಅದೇ ಶಿಫ್ಟನ್ನು ಇನ್ನೊಮ್ಮೆ 8 ಸೆಕೆಂಡು ಒತ್ತಿ ನೋಡಿ.