ಬಂಡೆ ಬಿರಿಯುವ ಸದ್ದು

ಕೊಳವೆಬಾವಿ ಕೊರೆಸಲು ಹೊರಟ ಮನೆಯ ಆತಂಕ ಎಂಥದೆಂಬುದನ್ನು ಮಡಕಶಿರಾ, ರಾಯದುರ್ಗದ ಸೀಮೆಯ ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ನೀರು ನೋಡುವವರು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಬಂದು ಸ್ಥಳ ತೋರಿಸುತ್ತಾರೆ. ಪೂಜೆಯಾಗುತ್ತದೆ, ಯಂತ್ರ ಗರ್ಜಿಸುತ್ತದೆ. ಮನೆಯಾಕೆಯ ಒಡವೆ ಅಡವಿಟ್ಟು ತಂದ ಹಣವೆಲ್ಲ ಬೂದುಬಣ್ಣದ ಧೂಳಾಗಿ ಮೇಲೆದ್ದು ಹೋಗುತ್ತದೆ. ಪಕ್ಕದ ಹೊಲದಲ್ಲಿ ನೀರಿದೆ, ಇಲ್ಲಿ ಇಲ್ಲ! ಇದಕ್ಕೆ ಕಾರಣ ಅದೃಷ್ಟವಲ್ಲ. ಗಟ್ಟಿಯಾದ ಗ್ರಾನೈಟ್ ಬಂಡೆ ತನ್ನ ಒಡಲಲ್ಲಿ ನೀರನ್ನು ಹಿಡಿದಿಡಲಾರದು. ಆಳದಲ್ಲಿ ನೀರು ನಿಲ್ಲುವುದೂ ಹರಿಯುವುದೂ ಅದರ ಬಿರುಕುಗಳಲ್ಲಿ ಮಾತ್ರ.

ಹಾಗಾದರೆ ಕಣ್ಣಿಗೆ ಕಾಣದ ಈ ಬಿರುಕುಗಳನ್ನು ಅರಿಯುವ ಬಗೆ ಯಾವುದು? ವಿಜ್ಞಾನಿಗಳು ಹಿಡಿದ ಒಂದು ಹಾದಿ, ಭೂಕಂಪನದ ಅಲೆಗಳಿಗೆ ಕಿವಿಗೊಡುವುದು.

ಬಂಡೆ ಬಿರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ತಳ್ಳುತ್ತ ಎಳೆಯುತ್ತ ಸಾಗುವ ಅಲೆ ಬೇಗ ಬರುತ್ತದೆ. ಅಡ್ಡಲಾಗಿ ಅಲುಗಿಸುತ್ತ ಸಾಗುವ ಅಲೆ ಹಿಂದೆ ಬರುತ್ತದೆ. ಮಿಂಚಿಗೂ ಗುಡುಗಿಗೂ ನಡುವಣ ಅಂತರದಿಂದ ಸಿಡಿಲಿನ ದೂರವನ್ನು ಊಹಿಸುವಂತೆ, ಈ ಎರಡು ಅಲೆಗಳ ಅಂತರದಿಂದ ಬಿರುಕಿನ ದೂರ ತಿಳಿಯುತ್ತದೆ. ಹಲವು ಕಡೆ ಜಿಯೋಫೋನ್ ಎಂಬ ಯಂತ್ರದ ಕಿವಿಗಳನ್ನಿಟ್ಟರೆ ಅದರ ನೆಲೆಯೂ ಗೊತ್ತಾಗುತ್ತದೆ.

ಅಡ್ಡಲಾಗಿ ಅಲುಗುವ ಅಲೆಗೆ ಇನ್ನೊಂದು ಗುಣವುಂಟು. ನೆಟ್ಟಗೆ ನಿಲ್ಲಿಸಿದ ಪುಸ್ತಕದ ಮೇಲ್ತುದಿಯನ್ನು ಹಾಳೆಗಳ ಉದ್ದಕ್ಕೆ ತಳ್ಳಿದರೆ ಅದು ಬಗ್ಗದು. ಹಾಳೆಗಳಿಗೆ ಅಡ್ಡಲಾಗಿ ತಳ್ಳಿದರೆ ಸುಲಭವಾಗಿ ಬಾಗುತ್ತದೆ. ಸಾಲಾಗಿ ಬಿರುಕುಬಿಟ್ಟ ಬಂಡೆಯೂ ಹಾಗೆಯೇ. ಅದನ್ನು ಹಾಯುವಾಗ ಈ ಅಲೆ ಎರಡಾಗಿ ಸೀಳುತ್ತದೆ. ಬಿರುಕಿನ ದಿಕ್ಕಿಗೆ ಅಲುಗುವುದು ಮುಂದಾಗುತ್ತದೆ, ಅದಕ್ಕೆ ಅಡ್ಡವಾಗಿ ಅಲುಗುವುದು ಹಿಂದಾಗುತ್ತದೆ. ಮುಂದಾದ ಅಲೆ ಬಿರುಕುಗಳ ದಿಕ್ಕನ್ನು ಹೇಳುತ್ತದೆ. ಎರಡರ ನಡುವಣ ಕಾಲ ಅವುಗಳ ದಟ್ಟಣೆಯನ್ನು ಸೂಚಿಸುತ್ತದೆ.

ಈ ಆಲಿಸುವಿಕೆಯ ಬೆಲೆಯನ್ನು ತೋರಿದ ಪ್ರಸಂಗವೊಂದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಫೆಂಟನ್ ಹಿಲ್‌ನಲ್ಲಿ ನಡೆಯಿತು. ಆಳದ ಬಿಸಿ ಗ್ರಾನೈಟನ್ನು ಒತ್ತಡದ ನೀರಿನಿಂದ ಬಿರಿಯಿಸಿ, ಒಂದು ಬಾವಿಯಲ್ಲಿ ತಣ್ಣೀರು ಇಳಿಸಿ, ಇನ್ನೊಂದರಿಂದ ಬಿಸಿನೀರು ಪಡೆಯುವ ಪ್ರಯೋಗವನ್ನು ಲಾಸ್ ಅಲಾಮೋಸ್ ಪ್ರಯೋಗಾಲಯದವರು 1970ರ ದಶಕದಲ್ಲಿ ಆರಂಭಿಸಿದ್ದರು. ಎರಡನೆಯ ಹಂತದಲ್ಲಿ ಅವರು ಎರಡು ಬಾವಿಗಳನ್ನು ಮೊದಲೇ ಕೊರೆದಿಟ್ಟರು. ಅವುಗಳ ಪೈಕಿ ಆಳವಾದುದು ಸುಮಾರು 4.4 ಕಿಲೋಮೀಟರ್ ಇಳಿದಿತ್ತು. 1983ರ ಡಿಸೆಂಬರಿನಲ್ಲಿ ಸುಮಾರು 2 ಕೋಟಿ 10 ಲಕ್ಷ ಲೀಟರ್ ನೀರನ್ನು ಒಳಕ್ಕೆ ತಳ್ಳಿದರು. ಬಂಡೆ ಬಿರಿಯಿತು. ಆದರೆ ಬಾವಿಗಳು ಒಂದನ್ನೊಂದು ಕೂಡಲಿಲ್ಲ! ಜಿಯೋಫೋನ್‌ಗಳು ಹಿಡಿದ ಸಣ್ಣ ಕಂಪನಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿದಾಗ ಸಂಗತಿ ಹೊರಬಿತ್ತು. ಬಂಡೆಯು ಮನುಷ್ಯನ ಲೆಕ್ಕಾಚಾರದಂತೆ ಬಿರಿಯದೆ, ತನ್ನಲ್ಲಿದ್ದ ಹಳೆಯ ಸಂದುಗಳನ್ನು ಹಿಡಿದು ಬೇರೆ ದಿಕ್ಕಿಗೆ ಬಾಯ್ದೆರೆದಿತ್ತು. 1985ರಲ್ಲಿ ಒಂದು ಬಾವಿಯ ಕೆಳಭಾಗವನ್ನು ಆ ಕಂಪನಗಳ ನೆಲೆಯ ಕಡೆಗೇ ತಿರುಗಿಸಿ ಮತ್ತೆ ಕೊರೆದ ಮೇಲೆ ಸಂಪರ್ಕವೇರ್ಪಟ್ಟಿತು.

ಆ ಪಾಠ ವ್ಯರ್ಥವಾಗಲಿಲ್ಲ. ಯೂಟಾ ರಾಜ್ಯದಲ್ಲಿ ಅಂಥದೇ ಪ್ರಯೋಗಕ್ಕೆ ಇಳಿದವರು ಒಂದು ಬಾವಿಯನ್ನು ಮಾತ್ರ ಮೊದಲು ಕೊರೆದರು. 2022ರ ಏಪ್ರಿಲಿನಲ್ಲಿ ಬಂಡೆಯನ್ನು ಬಿರಿಯಿಸಿ ಅದರ ಸದ್ದನ್ನು ಆಲಿಸಿದರು. ಬಿರುಕು ಎಲ್ಲಿದೆಯೆಂದು ತಿಳಿದ ಮೇಲೆಯೇ, 2023ರಲ್ಲಿ, ಎರಡನೆಯ ಬಾವಿಗೆ ಕೈಹಾಕಿದರು. ಒಂದರಲ್ಲಿ ಇಳಿಸಿದ ನೀರು ಇನ್ನೊಂದರಲ್ಲಿ ಬಂದಿತು.

ಇಷ್ಟು ದೊಡ್ಡ ಸನ್ನಾಹ ಒಬ್ಬ ರೈತನ ಕೈಗೆ ಎಟುಕುವಂಥದಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಮೊದಲು ಆಲಿಸಿ ಅನಂತರ ಕೊರೆಯುವ ವಿವೇಕ ಎಲ್ಲರಿಗೂ ಎಟುಕುತ್ತದೆ. ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ಅಡಿಯ ಪದರಗಳನ್ನು ಅಂದಾಜು ಮಾಡುವ ಸರಳ ಪರೀಕ್ಷೆಯುಂಟು; ಸುತ್ತಲಿನ ಬಾವಿಗಳಲ್ಲಿ ಯಾವ ಆಳಕ್ಕೆ ನೀರು ಸಿಕ್ಕಿತೆಂಬ ಲೆಕ್ಕವುಂಟು. ಇವೂ ತಪ್ಪಬಹುದು, ಸಿಕ್ಕ ಬಿರುಕು ಒಣಗಿರಲೂಬಹುದು. ಮಳೆಯ ನೀರನ್ನು ಇಂಗಿಸದೆ ಬಿರುಕನ್ನಷ್ಟೇ ಹುಡುಕಿದರೆ ಫಲವಿಲ್ಲ. ಆದರೂ ಒಡವೆಯ ಪೆಟ್ಟಿಗೆ ತೆರೆಯುವ ಮೊದಲು ಈ ಎರಡನ್ನೂ ವಿಚಾರಿಸಿಕೊಳ್ಳಿರೆಂದು ನಮ್ಮ ಓದುಗ ಕುಟುಂಬಗಳಲ್ಲಿ, ವಿಶೇಷವಾಗಿ ಗೃಹಿಣಿಯರಲ್ಲಿ, ನಮ್ಮ ವಿನಂತಿ.