ಮಳಖೇಡದ ಕಾಮದೇವನನ್ನು ಮರೆತದ್ದೇಕೆ?

ಹೋಳಿ ಹುಣ್ಣಿಮೆ ಬಂತೆಂದರೆ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಓಣಿಗಳಲ್ಲಿ ಹಲಗೆ ಸದ್ದು. ಕಟ್ಟಿಗೆ, ಕುಳ್ಳು ಒಟ್ಟಿ ಕಾಮಣ್ಣನನ್ನು ಸುಡುತ್ತಾರೆ. ಹುಡುಗರು ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಶಿವನ ಹಣೆಗಣ್ಣಿಗೆ ಬೂದಿಯಾದ ಮನ್ಮಥ ಎಲ್ಲರಿಗೂ ಗೊತ್ತು. ಇದೇ ನೆಲದಲ್ಲಿ ಇನ್ನೊಬ್ಬ ಕಾಮದೇವನ ಕಾವ್ಯ ಹುಟ್ಟಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

ಕಾಗಿಣಾ ದಂಡೆಯ ಮಳಖೇಡ 10ನೇ ಶತಮಾನದಲ್ಲಿ ಮೂರನೇ ಕೃಷ್ಣನ ರಾಜಧಾನಿ ಮಾನ್ಯಖೇಟ. ಅರಸರ ಸಹವಾಸಕ್ಕೇ ಬೇಸತ್ತ ಕವಿಯೊಬ್ಬ ದಣಿದು ಬಂದು ಊರಾಚೆಯ ತೋಪಿನಲ್ಲಿ ಕುಳಿತಿದ್ದ. ಅವನೇ ಪುಷ್ಪದಂತ. ತನ್ನನ್ನು 'ಅಭಿಮಾನಮೇರು' ಎಂದು ಕರೆದುಕೊಂಡವನು. ಮಂತ್ರಿ ಭರತ ಆಸರೆ ಕೊಟ್ಟ. 965ರಲ್ಲಿ ಅಪಭ್ರಂಶ ಭಾಷೆಯ 'ಮಹಾಪುರಾಣ' ಮುಗಿಯಿತು. ಭರತನ ಮಗ ನನ್ನನ ಆಶ್ರಯದಲ್ಲಿ 'ಣಾಯಕುಮಾರಚರಿಉ' ಬಂತು.

ಅದರ ನಾಯಕ ನಾಗಕುಮಾರ. ಕೂಸಾಗಿದ್ದಾಗ ಬಾವಿಗೆ ಬಿದ್ದವನನ್ನು ನಾಗ ಕಾಪಾಡುತ್ತದೆ. ಬೆಳೆದು ವೀಣೆಯಲ್ಲಿ ನಿಪುಣನಾಗುತ್ತಾನೆ, ರಾಜಕುಮಾರಿಯರ ಮನಸ್ಸು ಗೆಲ್ಲುತ್ತಾನೆ, ಕೊನೆಗೆ ಎಲ್ಲ ಬಿಟ್ಟು ಮುನಿಯಾಗುತ್ತಾನೆ. ಜೈನರು ಎಣಿಸುವ 24 ಕಾಮದೇವರಲ್ಲಿ ಅವನೂ ಒಬ್ಬ, ಬಾಹುಬಲಿ ಮೊದಲಿಗ. ಇಲ್ಲಿ ಕಾಮನನ್ನು ಯಾರೂ ಸುಡುವುದಿಲ್ಲ. ಚೆಲುವು, ಪ್ರೀತಿ, ವೈರಾಗ್ಯ ಮೂರೂ ಒಬ್ಬನದೇ ಬಾಳಿನಲ್ಲಿ ಮಾಗುತ್ತವೆ. ಎಂಥ ದೊಡ್ಡ ಕಲ್ಪನೆ!

ಇಂಥ ಕಥೆಯನ್ನು ಬೇರೆಡೆ ಹೇಗೆ ಉಳಿಸಿಕೊಳ್ಳುತ್ತಾರೆ ನೋಡಿ. ಐರ್ಲೆಂಡಿನಲ್ಲಿ ಪ್ರೀತಿ, ಯೌವನಗಳ ದೇವರು ಏಂಗಸ್. ಕನಸಿನಲ್ಲಿ ಕಂಡ ಹುಡುಗಿಗಾಗಿ ತಾನೂ ಹಂಸವಾಗಿ ಹಾರಿದವನು. ಬಾಯ್ನ್ ನದಿ ದಂಡೆಯ, 5,000 ವರ್ಷ ಹಳೆಯ ನ್ಯೂಗ್ರೇಂಜ್ ದಿಬ್ಬವೇ ಅವನ ಮನೆ ಎನ್ನುತ್ತದೆ ಅಲ್ಲಿಯ ಪುರಾಣ. 1993ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಡಿಸೆಂಬರ್‌ನ ಅತಿ ಚಿಕ್ಕ ಹಗಲುಗಳಲ್ಲಿ ಒಳಗೆ ಬೀಳುವ ಬೆಳಗಿನ ಬಿಸಿಲು ನೋಡಲು ಲಾಟರಿ ಎತ್ತುತ್ತಾರೆ. ಕಲ್ಲಿನ ಜೊತೆಗೆ ಕಥೆಯನ್ನೂ ಅವರು ಜೋಪಾನ ಮಾಡಿದ್ದಾರೆ.

ಇತ್ತ ವಾಡಿಯ ಸಿಮೆಂಟು, ಶಹಾಬಾದಿನ ಪರಸಿ ದೇಶಕ್ಕೆಲ್ಲ ಪರಿಚಿತ. ಮಳಖೇಡವೆಂದರೆ 'ಕವಿರಾಜಮಾರ್ಗ' ಎಂದು ಹೆಮ್ಮೆಪಡುತ್ತೇವೆ, ಸರಿ. ಆದರೆ ಕನ್ನಡದಲ್ಲಿ ಬರೆಯಲಿಲ್ಲವೆಂದು ಪುಷ್ಪದಂತನನ್ನು ಹೊರಗಿಡುವುದು ತಪ್ಪು. 972ರಲ್ಲಿ ಪರಮಾರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದಾಗ, ಇನ್ನೆಲ್ಲಿ ಬಾಳಲಿ ಎಂದು ಮರುಗಿದ ಕವಿ ಅವನು. ಈ ಊರಿಗಾಗಿ ಅತ್ತವನು ಈ ಊರಿನವನೇ.

ಕಲಬುರಗಿಯ ವಿಶ್ವವಿದ್ಯಾಲಯಗಳು ನಾಗಕುಮಾರನ ಕಥೆಯನ್ನು ತಿಳಿಗನ್ನಡದ ಪುಟ್ಟ ಪುಸ್ತಕವಾಗಿಸಿ ಸೇಡಂನಿಂದ ಚಿಂಚೋಳಿಯವರೆಗಿನ ಶಾಲೆಗಳಿಗೆ ಮುಟ್ಟಿಸಲಿ. ಮಳಖೇಡದ ಕೋಟೆ ಬಾಗಿಲಲ್ಲಿ ಪುಷ್ಪದಂತನ ಹೆಸರಿನ ಫಲಕವೊಂದು ನಿಲ್ಲಲಿ.