ಆಪರೇಷನ್ ಆದ ಮೇಲಿನ ಒಂಬತ್ತು ತಿಂಗಳು

2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಕ್ರಿಕೆಟಿಗ ರಿಷಭ್ ಪಂತ್ ಅವರ ಬಲ ಮೊಣಕಾಲಿನ ಲಿಗಮೆಂಟ್‌ಗಳು ಹರಿದವು. ಮುಂಬೈಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ತಿಂಗಳುಗಟ್ಟಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಜ್ಞರ ಕಣ್ಣೆದುರೇ ವ್ಯಾಯಾಮ ನಡೆಯಿತು. 2024ರ ಮಾರ್ಚ್‌ನಲ್ಲಿ ಐಪಿಎಲ್‌ಗೆ ಮರಳಿದ ಅವರು ಜೂನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ನಮ್ಮ ಬೀದರ್ ಪಕ್ಕದ ಮರಾಠವಾಡದ ಬೀಡ್ ಜಿಲ್ಲೆಯ ಓಟಗಾರ ಅವಿನಾಶ್ ಸಾಬ್ಳೆ ಕೂಡ 2025ರ ಜುಲೈಯಲ್ಲಿ ಮೊನಾಕೊದಲ್ಲಿ ಬಿದ್ದು ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿದು ಆಪರೇಷನ್ ಮಾಡಿಸಿಕೊಂಡರು.

ಬೀದರ್ ಜಿಲ್ಲೆಯ ಸಾಯಗಾಂವ ಕಡೆಯ ಕಬಡ್ಡಿ ಹುಡುಗರಿಗೂ ಹರಿಯುವುದು ಇದೇ ಲಿಗಮೆಂಟ್. ಅವರಿಗೆ ಆಟ ಹೇಳಿಕೊಡುವ ನಾನು ಇದನ್ನು ಹತ್ತಿರದಿಂದ ನೋಡಿದ್ದೇನೆ. ರೇಡ್‌ಗೆ ಹೋದವನು ಬೋನಸ್ ಗೆರೆ ದಾಟಿ ಸರಕ್ಕನೆ ತಿರುಗುತ್ತಾನೆ. ಪಾದ ನೆಲಕ್ಕೆ ನಾಟಿಕೊಂಡಿರುತ್ತದೆ, ಮೈ ಮಾತ್ರ ತಿರುಗುತ್ತದೆ. ಯಾರೂ ಹಿಡಿದಿರುವುದಿಲ್ಲ, ಆದರೂ ಕುಸಿಯುತ್ತಾನೆ. ಒಳಗೆ ‘ಟಕ್’ ಅಂದದ್ದು ಅವನಿಗೇ ಗೊತ್ತಾಗುತ್ತದೆ. ಸಂಜೆಯೊಳಗೆ ಮೊಣಕಾಲು ಬಾತು ಪ್ಯಾಂಟು ಏರುವುದಿಲ್ಲ. ‘ಏನಾಗಿಲ್ಲ ಬಿಡ್ರಿ ಸರ್, ಉಳುಕ್ಯಾದ’ ಎಂದು ಮನೆಯವರು ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ. ಕೆಲವು ವಾರಗಳಲ್ಲಿ ಬಾವು ಇಳಿದು ಹುಡುಗ ಓಡಾಡುತ್ತಾನೆ.

ಮೋಸವಾಗುವುದು ಇಲ್ಲೇ. ಎಸಿಎಲ್ ಎಂಬ ಈ ಪಟ್ಟಿ ಕೆಳಗಿನ ಎಲುಬು ಮುಂದೆ ಜಾರದಂತೆ, ಅತಿಯಾಗಿ ತಿರುಚದಂತೆ ಹಿಡಿದಿಡುತ್ತದೆ. ಅದಿಲ್ಲದೆಯೂ ನೆಟ್ಟಗೆ ನಡೆಯಬಹುದು. ತಿರುಗಿದಾಗ ಕಾಲು ಕೈಕೊಡುತ್ತದೆ. ಹಾಗೆ ಜಾರಿದಾಗಲೆಲ್ಲ ಎಲುಬುಗಳ ನಡುವಿನ ಮೆನಿಸ್ಕಸ್ ಸವೆದು ಹರಿಯುವ ಅಪಾಯವಿದೆ. ಪೂರ್ತಿ ಹರಿದ ಎಸಿಎಲ್ ತಾನಾಗಿ ಕೂಡಿಕೊಳ್ಳುತ್ತದೆಂಬ ಭರವಸೆಯಿಲ್ಲ.

ಆಪರೇಷನ್ ಆದರೂ ಕೆಲಸ ಅರ್ಧವೇ ಮುಗಿದಂತೆ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳವರೆಗೆ ಆಟವನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ತಗ್ಗಿತ್ತು. ಆದರೆ ಆಪರೇಷನ್ ಮುಗಿಸಿ ನಮ್ಮ ಹುಡುಗ ಊರಿಗೆ ಬರುವಾಗ ಕೈಯಲ್ಲಿ ವ್ಯಾಯಾಮದ ಚೀಟಿಯೊಂದಿರುತ್ತದೆ. ಸರಿಯಾಗಿ ಮಾಡುತ್ತಿದ್ದಾನೋ ಇಲ್ಲವೋ ನೋಡುವವರಿಲ್ಲ. ಭಾಲ್ಕಿ ದಾಟಿ ಬೀದರ್‌ಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಒಂದೆರಡು ಸಲ ಹೋಗಿ ಬಿಟ್ಟುಬಿಡುತ್ತಾನೆ. ತೊಡೆಯ ಬಲ ಮರಳುವ ಮೊದಲೇ ಕಬ್ಬಿನ ಹೊರೆ ಹೊರುತ್ತಾನೆ, ಜಾತ್ರೆಯ ಪಂದ್ಯಕ್ಕೂ ಇಳಿಯುತ್ತಾನೆ.

ಇದನ್ನು ಹಣೆಬರಹವೆಂದು ಬಿಡಲು ನನಗೆ ಮನಸ್ಸಿಲ್ಲ. ಫುಟ್‌ಬಾಲ್‌ಗಾಗಿ ರೂಪಿಸಿದ ‘ಫಿಫಾ 11+’ ಎಂಬ 20 ನಿಮಿಷದ ವಾರ್ಮ್‌ಅಪ್ ಗಾಯಗಳನ್ನು ತಗ್ಗಿಸುತ್ತದೆಂದು ಸಾಬೀತಾಗಿದೆ. ಜಿಗಿದು ಮೊಣಕಾಲು ಒಳಕ್ಕೆ ವಾಲದಂತೆ ಇಳಿಯುವುದು, ಒಂಟಿ ಕಾಲ ಮೇಲೆ ನಿಲ್ಲುವುದು ಮುಂತಾದ ಅದರ ಅಭ್ಯಾಸಗಳನ್ನು ಕಬಡ್ಡಿ ಹುಡುಗರಿಗೂ ಕಲಿಸಬಹುದು; ಕಾಸು ಖರ್ಚಿಲ್ಲ. ಪಂದ್ಯ ನಡೆಸುವವರು ಅಂಗಳದ ಹೆಂಟೆ, ಹರಳು ಆರಿಸಿ ಮಣ್ಣು ಹದ ಮಾಡಲಿ. ನಗದು ಬಹುಮಾನದಲ್ಲಿ ಒಂದು ಪಾಲನ್ನು ಗಾಯಗೊಂಡವರಿಗಾಗಿ ತೆಗೆದಿಡಲಿ. ಸರ್ಕಾರ ವಾರಕ್ಕೆ ಎರಡು ದಿನವಾದರೂ ಹೋಬಳಿಯ ಆಸ್ಪತ್ರೆಗೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಳಿಸಲಿ. ಆಪರೇಷನ್‌ಗೆ ಸುರಿದ ಹಣ ದಕ್ಕಬೇಕಾದರೆ, ಆಮೇಲಿನ ಒಂಬತ್ತು ತಿಂಗಳು ಹುಡುಗನ ಬೆನ್ನಿಗೆ ಯಾರಾದರೂ ನಿಲ್ಲಲೇಬೇಕು.